ಸೇತುವೆ ತೆರಪಿನ ಲೇಸರ್ ಮಾಪನ: ಇತಿಹಾಸ

ರಸ್ತೆಯ ಮೇಲ್ಮೈಗೂ ಅದರ ಮೇಲೆ ಹಾಯುವ ಸೇತುವೆಯ ತಳ ಅಥವಾ ಉಕ್ಕಿನ ಚೌಕಟ್ಟಿಗೂ ನಡುವೆ ಇರುವ ಎತ್ತರವನ್ನು, ಚಲಿಸುವ ವಾಹನದಲ್ಲಿ ಕೂರಿಸಿದ ಲೇಸರ್ ಸ್ಕ್ಯಾನರಿನಿಂದ ಅಳೆಯುವ ವಿಧಾನ. ಹಿಂದೆ ಈ ಕೆಲಸಕ್ಕೆ ಲೇನ್ ಮುಚ್ಚಿ, ಉದ್ದದ ಅಳತೆಕೋಲು ಹಿಡಿದು ನಿಲ್ಲಬೇಕಿತ್ತು.

ಮೊದಲ ವಾಹನ ಯಾವುದೆಂಬ ವಿಷಯದಲ್ಲಿ ಗೊಂದಲವಿದೆ. ಸಾಮಾನ್ಯವಾಗಿ ಹೆಸರಿಸುವ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಿಪಿಎಸ್ ವ್ಯಾನ್ (1990ರ ದಶಕದ ಆರಂಭ) ಅಳೆಯುತ್ತಿದ್ದುದು ಜೋಡಿ ಕ್ಯಾಮೆರಾಗಳಿಂದ; ಅದರಲ್ಲಿ ಲೇಸರ್ ಇರಲಿಲ್ಲ. ಕೆನಡಾದ ಕ್ಯಾಲ್ಗರಿಯ ವಿಸ್ಯಾಟ್ ಕೂಡ ಕ್ಯಾಮೆರಾ ವಾಹನವೇ. ಲೇಸರಿನ ಕವಲು ವಿಮಾನ ಸಮೀಕ್ಷೆಯಿಂದ ಇಳಿದು ಬಂದದ್ದು: 2003ರಲ್ಲಿ ಅಫ್ಘಾನಿಸ್ತಾನದ ಹೆದ್ದಾರಿಯೊಂದನ್ನು ಅಳೆಯಲು ಹೆಲಿಕಾಪ್ಟರಿನ ಸ್ಕ್ಯಾನರನ್ನೇ ನೆಲದ ವಾಹನಕ್ಕೆ ಕಟ್ಟಲಾಯಿತು. ಆ ದಶಕ ಮುಗಿಯುವ ಮುನ್ನವೇ ಸ್ಟ್ರೀಟ್‌ಮ್ಯಾಪರ್, ಲಿಂಕ್ಸ್ ಮುಂತಾದ ಸಿದ್ಧ ವ್ಯವಸ್ಥೆಗಳು ಮಾರುಕಟ್ಟೆಗೆ ಬಂದವು.

ಸೇತುವೆಯ ಅಡಿಯಲ್ಲಿ ಉಪಗ್ರಹದ ಸಂಕೇತ ಕಡಿಯುತ್ತದೆ. ಆದರೂ ತೆರಪಿನ ಅಳತೆ ಅಷ್ಟಾಗಿ ಕೆಡದು. ರಸ್ತೆ ಮತ್ತು ತೊಲೆ ಎರಡನ್ನೂ ಒಂದೇ ವಾಹನ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಸ್ಕ್ಯಾನ್ ಮಾಡುವುದರಿಂದ, ಸ್ಥಾನದಲ್ಲಿ ತಪ್ಪಿದ್ದರೆ ಅದು ಎರಡಕ್ಕೂ ಸಮನಾಗಿ ತಗಲುತ್ತದೆ; ವ್ಯತ್ಯಾಸ ತೆಗೆಯುವಾಗ ಬಹುಪಾಲು ಹೊಡೆದುಹೋಗುತ್ತದೆ.

ನಿಜವಾದ ತೊಡಕು ಕಡತದಲ್ಲಿತ್ತು. ಅಮೆರಿಕದ ರಾಷ್ಟ್ರೀಯ ಸೇತುವೆ ದಾಖಲೆಯ ಒಂದು ಅಂಕಣ, ತೆರಪು ಅತಿ ಹೆಚ್ಚಿರುವ 10 ಅಡಿ ಅಗಲದ ಪಟ್ಟಿಯ ಎತ್ತರವನ್ನು ಕೇಳುತ್ತಿತ್ತು. ಮತ್ತೊಂದು ಅಂಕಣ ಇಡೀ ಸೇತುವೆಯ ಕನಿಷ್ಠ ಎತ್ತರವನ್ನು. ಯಾವ ಲೇನಿಗೆ ಎಷ್ಟು ಎಂಬುದು ಎರಡರಲ್ಲೂ ಇರಲಿಲ್ಲ. 2013ರ ಮೇ 23ರಂದು ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿ ಸೇತುವೆಯ (1955) ಮೇಲ್ಚೌಕಟ್ಟಿಗೆ ಎತ್ತರದ ಸರಕಿನ ಲಾರಿ ಬಡಿದು, ಸೇತುವೆಯ ಒಂದು ಭಾಗವೇ ನದಿಗೆ ಕುಸಿಯಿತು. ನೀರಿಗೆ ಬಿದ್ದ ಮೂವರೂ ಬದುಕಿದರು. ಆ ಚೌಕಟ್ಟು ಕಮಾನಿನಾಕಾರದ್ದು: ನಡುವೆ ಸುಮಾರು 17 ಅಡಿ, ಹೊರ ಅಂಚಿನಲ್ಲಿ 15 ಅಡಿಗೂ ಕಡಿಮೆ. ಲಾರಿ ಹೋಗುತ್ತಿದ್ದುದು ಹೊರ ಲೇನಿನಲ್ಲಿ. ಎತ್ತರ ಯಾರಿಗೂ ಗೊತ್ತಿರಲಿಲ್ಲವೆಂದಲ್ಲ. ಚಾಲಕನ ಕಣ್ಣಿಗೆ ಬೀಳುವ ಫಲಕ ಅಲ್ಲಿರಲಿಲ್ಲ. ಲೇನುವಾರು ಅಳತೆಯ ಬೆಲೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ವಿರಳ. ಚಲಿಸುವ ಲೇಸರ್ ಮಾಪನಕ್ಕೆ ಮಾರ್ಗಸೂಚಿಯಾದ ಎನ್‌ಸಿಎಚ್‌ಆರ್‌ಪಿ (ಅಮೆರಿಕದ ಹೆದ್ದಾರಿ ಸಂಶೋಧನಾ ಕಾರ್ಯಕ್ರಮ) ವರದಿ 748 ಪ್ರಕಟವಾದದ್ದೂ ಅದೇ ವರ್ಷ.

ಒಮ್ಮೆ ಅಳೆದರೆ ಮುಗಿಯುವುದಿಲ್ಲ. ಹಳೆಯ ಪದರ ಕೆರೆಯದೆ ಡಾಂಬರು ಹಾಕಿದಾಗಲೆಲ್ಲ ತೆರಪು ಕಿರಿದಾಗುತ್ತದೆ. ತಗ್ಗಿನಲ್ಲಿರುವ ಕೆಳಸೇತುವೆಯಲ್ಲಿ ಉದ್ದದ ಟ್ರೇಲರಿನ ಮುಂದಿನ ಮತ್ತು ಹಿಂದಿನ ಚಕ್ರಗಳು ಏರಿನಲ್ಲಿದ್ದಾಗ ಅದರ ನಡುಭಾಗ ನೆಲದಿಂದ ಮೇಲೆದ್ದಿರುತ್ತದೆ. ಹೀಗಾಗಿ ಅಲ್ಲಿ ನೇರ ಎತ್ತರವೊಂದೇ ಸಾಲದು.

ಭಾರತದಲ್ಲಿ ಕೆಳಸೇತುವೆಗಳ ತೆರಪಿಗೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) 54 ಮಾನದಂಡ (1974) ಇದೆ. 2021ರ ಫೆಬ್ರವರಿಯ ಭೂಪ್ರಾದೇಶಿಕ ಮಾರ್ಗಸೂಚಿ ನಕ್ಷೆ ತಯಾರಿಕೆಯ ಪೂರ್ವಾನುಮತಿಯನ್ನು ತೆಗೆದುಹಾಕಿತು. ಆದರೆ ವಾಹನದಿಂದ ಮಾಡುವ ನೆಲಮಟ್ಟದ ಸಮೀಕ್ಷೆಯನ್ನು ಭಾರತೀಯ ಸಂಸ್ಥೆಗಳಿಗಷ್ಟೇ ಬಿಟ್ಟಿತು.