ಗೋಣಿತಟ್ಟು, ಚಾಪೆ, ಅಂಗಳ

ಪುಣೆಯ ಬುಧವಾರ ಪೇಠೆಯಲ್ಲಿ, ದಗಡೂಶೇಟ್ ಗಣಪತಿಯ ಗುಡಿಯೆದುರು, ಭಿಡೆ ವಾಡಾ ಎಂಬ ಮನೆಯಿತ್ತು. ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲಿ. ಆ ಶಾಲೆಯ ಬಗ್ಗೆ ಬರೆಯುವವರು ಯಾರು ಕಲಿಸಿದರು, ಯಾರು ಕಲಿತರು, ಯಾರು ಅಡ್ಡ ಬಂದರು ಎಂಬುದನ್ನು ಹೇಳುತ್ತಾರೆ. ಮಕ್ಕಳು ಎಲ್ಲಿ ಕೂತರು ಎಂದು ಕೇಳುವವರು ಕಡಿಮೆ. ಎಳೆಯ ಮಕ್ಕಳ ತರಗತಿಯ ಮಟ್ಟಿಗೆ ನನಗೆ ಆ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಬೆಂಚು ಬಂತು, ಕರಿಹಲಗೆ ಬಂತು, ಪುಟ್ಟ ಕುರ್ಚಿ ಬಂತು ಎಂದು ತರಗತಿಯ ಚರಿತ್ರೆಯನ್ನು ಸಾಮಾನುಗಳ ಪಟ್ಟಿಯಾಗಿ ಬರೆಯುವುದು ರೂಢಿ. ಪುಣೆ ಮತ್ತು ಅದರ ಸುತ್ತಿನ ಸೀಮೆಯ ಸಾಕ್ಷ್ಯವನ್ನು ನೋಡಿದರೆ ಅದು ನೆಲದ ಚರಿತ್ರೆ: ಯಾವ ಮಗು ಯಾವ ನೆಲದ ಮೇಲೆ, ಯಾರ ಪಕ್ಕದಲ್ಲಿ, ಯಾರ ಇಚ್ಛೆಯಂತೆ ಕೂರಬೇಕು ಎಂಬುದರ ಚರಿತ್ರೆ.

ಶಾಲೆಗೆಂದೇ ಕಟ್ಟಡಗಳು ಏಳುವ ಮುಂಚೆ ಪಂತೋಜಿಯ ಶಾಲೆ ಗುಡಿಯಲ್ಲೋ, ಯಾರದಾದರೂ ಮನೆಯ ಓಸರಿಯಲ್ಲೋ ನಡೆಯುತ್ತಿತ್ತು. ಓಸರಿ ಎಂದರೆ ನಮ್ಮ ಪಡಸಾಲೆ. ವಾಡಾದ ದೊಡ್ಡ ಬಾಗಿಲಿನೊಳಗೆ ದಿಂಡಿ ಎಂಬ ಸಣ್ಣ ಬಾಗಿಲು. ತಲೆ ಬಗ್ಗಿಸಿ ಅದನ್ನು ದಾಟಿದರೆ ಆಕಾಶಕ್ಕೆ ತೆರೆದ ಚೌಕ, ಅದರ ಸುತ್ತ ಒಂದೆರಡು ಮೆಟ್ಟಿಲಷ್ಟು ಎತ್ತರದಲ್ಲಿ ಮರದ ಕಂಬಗಳ ಓಸರಿ. ಎರಡು ಕಂಬಗಳ ನಡುವಿನ ಜಾಗಕ್ಕೆ ಮರಾಠಿಯಲ್ಲಿ ಖಣ, ನಮ್ಮಲ್ಲಿ ಅಂಕಣ. ಮನೆಯನ್ನು ಇಷ್ಟು ಅಂಕಣದ್ದೆಂದು ಅಳೆಯುವ ಪದ್ಧತಿ ಎರಡೂ ಕಡೆ ಒಂದೇ. ಮಗುವಿನ ದೃಷ್ಟಿಯಿಂದ ಇದು ಒಳ್ಳೆಯ ಜಾಗ. ಚೌಕದಿಂದ ಬೆಳಕು ಬರುತ್ತದೆ, ಗಾಳಿಯಾಡುತ್ತದೆ, ಬೇಸರವಾದರೆ ಕಣ್ಣು ಹೊರಳಿಸಲು ಅಂಗಳವಿದೆ. ಮರಳನ್ನೋ ಧೂಳನ್ನೋ ಹರಡಿ ಬೆರಳಿನಿಂದ ಅಕ್ಷರ ತಿದ್ದುವ ಮಗುವಿಗೆ ಮೇಜು ಬೇಡ, ಸಮನಾದ ನೆಲ ಸಾಕು. ಆದರೆ ಓಸರಿ ಮನೆಯ ಭಾಗ. ಮನೆಯ ಮಡಿ-ಮೈಲಿಗೆ ಹೊಸ್ತಿಲಲ್ಲೇ ನಿಲ್ಲದೆ ಶಾಲೆಯೊಳಕ್ಕೂ ಬರುತ್ತಿತ್ತು. ಫುಲೆಯವರ ಶಾಲೆಗೆ 1851ರಲ್ಲಿ ಅದೇ ಪೇಠೆಯ ಚಿಪಳೂಣಕರರ ವಾಡಾದಲ್ಲಿ ಜಾಗ ಸಿಕ್ಕಿತು. ಜಾಗ ಕೊಡುವ ಒಬ್ಬ ಮನೆಯೊಡೆಯನಿಲ್ಲದೆ ಅವರ ಯಾವ ಶಾಲೆಯೂ ಏಳುತ್ತಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ.

ಸರ್ಕಾರಿ ಶಾಲೆ ಬಂದಮೇಲೂ ನೆಲದ ಪ್ರಶ್ನೆ ತೀರಲಿಲ್ಲ. ಪುಣೆಯೂ ಧಾರವಾಡವೂ ಆಗ ಒಂದೇ ಮುಂಬೈ ಪ್ರಾಂತ್ಯದಲ್ಲಿದ್ದವು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ ಒಬ್ಬ ಮಹಾರ ಹುಡುಗನನ್ನು ಹೊರಗಿಟ್ಟಾಗ ಅವನು ಮುಂಬೈ ಸರ್ಕಾರಕ್ಕೆ ಅರ್ಜಿ ಕೊಟ್ಟ. ನ್ಯಾಯ ಹುಡುಗನ ಕಡೆಗಿದೆಯೆಂದು ಸರ್ಕಾರ ಒಪ್ಪಿತು, ಆದರೆ ಸೇರಿಸಿಕೊಳ್ಳಿರೆಂದು ಹೇಳಲಿಲ್ಲ. 1882ರಲ್ಲಿ ಹಂಟರ್ ಆಯೋಗದ ಮುಂದೆ ಫುಲೆಯವರೇ, ಮಹಾರ ಮಾಂಗ ಮಕ್ಕಳನ್ನು ಉಳಿದವರ ಜೊತೆ ಕೂರಗೊಡುವುದಿಲ್ಲವಾದ್ದರಿಂದ ಅವರು ಹೆಚ್ಚಿರುವ ಕಡೆ ಬೇರೆ ಶಾಲೆ ಬೇಕೆಂದು ಹೇಳಬೇಕಾಯಿತು. ಇನ್ನು ಪುಣೆಯ ದಕ್ಷಿಣಕ್ಕಿರುವ ಸಾತಾರಾದಲ್ಲಿ ಬಾಲಕ ಅಂಬೇಡ್ಕರ್ ತರಗತಿಯ ಮೂಲೆಯಲ್ಲಿ ಒಂದು ಗೋಣಿತಟ್ಟಿನ ಮೇಲೆ ಒಬ್ಬನೇ ಕೂರುತ್ತಿದ್ದ. ಶಾಲೆಯ ಜವಾನ ಅದನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ಸಂಜೆ ಅದನ್ನು ಸುತ್ತಿ ಮನೆಗೆ ಒಯ್ಯಬೇಕು, ಬೆಳಿಗ್ಗೆ ಮತ್ತೆ ಹೊತ್ತು ತರಬೇಕು. ಒಂದು ಮಗುವಿನ ಮೈ ತಗಲುವಷ್ಟು ನೆಲವನ್ನು ತರಗತಿಯಿಂದ ಕತ್ತರಿಸಿ ಅದರ ಹೆಗಲಿಗೇ ಹೊರಿಸಿದಂತಿತ್ತು ಅದು. ತರಗತಿಯ ಜೋಡಣೆ ಎಂದರೆ ಬರೀ ಅಂದಚೆಂದ ಎನ್ನುವವರು ಈ ಗೋಣಿತಟ್ಟನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು.

ಇದರ ಪಕ್ಕದಲ್ಲಿ ಇನ್ನೊಂದು ಹಾಸನ್ನು ಇಡುತ್ತೇನೆ. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದರು. ನೆಲಕ್ಕೆ ಬಿಗಿದ ಬೆಂಚುಗಳ ಬದಲು ಮಗುವೇ ಎತ್ತಿಡಬಲ್ಲ ಹಗುರವಾದ ಮೇಜು-ಕುರ್ಚಿ, ಮಗುವಿನ ಕೈಗೆಟುಕುವ ಕಪಾಟು ಇಟ್ಟರು. 1939ರಲ್ಲಿ ಭಾರತಕ್ಕೆ ಬಂದು ಅಡ್ಯಾರಿನಲ್ಲಿ ತರಬೇತಿ ಶುರುಮಾಡಿದರು. ಯುದ್ಧ ಮುಗಿದಮೇಲೆ ಪುಣೆಯಲ್ಲೂ ಶಿಕ್ಷಕರನ್ನು ತಯಾರುಮಾಡಿದರು. ಅವರ ಪದ್ಧತಿಯಲ್ಲಿ ನೆಲದ ಮೇಲೆ ಕೆಲಸ ಮಾಡುವ ಮಗು ಮೊದಲು ಮೂಲೆಯಿಂದ ತನ್ನ ಚಾಪೆ ತಂದು ಬಿಡಿಸುತ್ತದೆ. ತನಗೆ ಬೇಕಾದ ಸಾಮಗ್ರಿಯನ್ನು ಅದರ ಮೇಲಿಟ್ಟುಕೊಂಡು ಕೂರುತ್ತದೆ. ಬೇರೆ ಮಕ್ಕಳು ಅದನ್ನು ತುಳಿಯದೆ ಸುತ್ತಿ ಹೋಗುತ್ತಾರೆ. ಕೆಲಸ ಮುಗಿದಮೇಲೆ ಚಾಪೆ ಸುತ್ತಿ ಅದರ ಜಾಗಕ್ಕೆ ಸೇರಿಸುವುದೂ ಮಗುವಿನದೇ ಕೆಲಸ. ಗೋಣಿತಟ್ಟಿಗೂ ಚಾಪೆಗೂ ನೋಟಕ್ಕೆ ಎಷ್ಟು ಅಂತರ? ಎರಡೂ ಒಂದು ಮಗುವಿನ ಸುತ್ತ ಎಳೆದ ಗೆರೆ. ಒಂದನ್ನು ಊರು ಎಳೆಯಿತು, ಇನ್ನೊಂದನ್ನು ಮಗು ಎಳೆಯಿತು.

ನೆಲದ ಮೇಲೆ ಕೂರುವುದನ್ನು ಹೀಗೆ ಹೊಗಳುವುದು ಬಡತನವನ್ನು ಹೊಗಳಿದಂತೆ ಎಂಬ ಆಕ್ಷೇಪ ಇದ್ದೇ ಇದೆ. ಅದು ಹಗುರವಾದ ಮಾತಲ್ಲ. ನೆಲಕ್ಕೆ ತಳ್ಳಿಸಿಕೊಂಡವರ ಮೊಮ್ಮಕ್ಕಳು ತಮ್ಮ ಮಕ್ಕಳಿಗೆ ಕುರ್ಚಿ ಕೇಳಿದರೆ ಅದು ಮರ್ಯಾದೆಯ ಪ್ರಶ್ನೆ, ಅದನ್ನು ಕೊಡಲೇಬೇಕು. ಆದರೆ ಅಂಬೇಡ್ಕರರ ತರಗತಿಗೆ ಕುರ್ಚಿ ತಂದಿದ್ದರೂ ಅವರ ಕುರ್ಚಿ ಅದೇ ಮೂಲೆಯಲ್ಲಿ ಇರುತ್ತಿತ್ತು. ಅವಮಾನ ಇದ್ದದ್ದು ಎತ್ತರದಲ್ಲಲ್ಲ, ದೂರದಲ್ಲಿ. ಇನ್ನೊಂದು ಆಕ್ಷೇಪ, ಇದೆಲ್ಲ ಇಟಲಿಯಿಂದ ಬಂದದ್ದು, ದುಬಾರಿ, ನಮ್ಮ ಹಳ್ಳಿಗಳಿಗಲ್ಲ ಎಂಬುದು. ಇದಕ್ಕೆ ಉತ್ತರವನ್ನು ಇಬ್ಬರು ಮರಾಠಿ ಹೆಂಗಸರು ಕೆಲಸದಿಂದಲೇ ಕೊಟ್ಟಿದ್ದಾರೆ. ಗಿಜುಭಾಯಿ ಬಧೇಕಾ ಅವರ ಜೊತೆ ಭಾವನಗರದ ಬಾಲಮಂದಿರದಲ್ಲಿ ದುಡಿದ ತಾರಾಬಾಯಿ ಮೋಡಕ್, ಪುಣೆ ಜಿಲ್ಲೆಯ ಮೋರಗಾಂವದಲ್ಲಿ 1910ರಲ್ಲಿ ಹುಟ್ಟಿದ ಅನುತಾಯಿ ವಾಘ್, ಇಬ್ಬರೂ 1945ರಲ್ಲಿ ಕಡಲತೀರದ ಬೋರ್ಡಿಯಲ್ಲಿ ಹಳ್ಳಿಯ ಬಾಲವಾಡಿ ಶುರುಮಾಡಿದರು. ಕೊಂಡು ತರುವ ಸಾಮಗ್ರಿಯ ಬದಲು ಬೀಜ, ಚಿಪ್ಪು, ಮಣ್ಣು, ಎಲೆ ಬಳಸಿದರು. ದಲಿತ ಕೇರಿಯ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಆ ಕೇರಿಯ ಅಂಗಳಕ್ಕೇ ಬಾಲವಾಡಿಯನ್ನು ಒಯ್ದು ಅದನ್ನು ಅಂಗಣವಾಡಿ ಎಂದು ಕರೆದರು. ಮುಂದೆ ಕೋಸಬಾಡದಲ್ಲಿ, ದನ ಕಾಯುವ ವಾರ್ಲಿ ಮಕ್ಕಳಿಗಾಗಿ, ಹುಲ್ಲುಗಾವಲಿನಲ್ಲೇ ಕುರಣಶಾಲೆ ನಡೆಸಿದರು. ಗೋಡೆಯೇ ಇಲ್ಲದ ಆ ತರಗತಿಗಳನ್ನು ತರಗತಿಯ ವಿನ್ಯಾಸದ ಚರಿತ್ರೆಯಲ್ಲಿ ಮೊದಲ ಸಾಲಿನಲ್ಲಿ ಇಡಬೇಕೆಂಬುದು ನನ್ನ ವಾದ. ಜಾಗಕ್ಕೆ ಮಗುವನ್ನು ತರುವ ಬದಲು ಮಗುವಿದ್ದಲ್ಲಿಗೆ ಜಾಗವನ್ನು ಒಯ್ಯುವುದಕ್ಕಿಂತ ದೊಡ್ಡ ವಿನ್ಯಾಸ ಯಾವುದಿದೆ?

ಅಂಗಣವಾಡಿ ಎಂಬ ಆ ಹೆಸರು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಮಕ್ಕಳ ಯೋಜನೆಗೆ ಬಂತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಕನ್ನಡದ ಬಾಯಲ್ಲಿ ಅದು ಅಂಗನವಾಡಿಯಾಯಿತು. ಹೆಸರು ಉಳಿಯಿತು, ಪೇಟೆಗಳಲ್ಲಿ ಅಂಗಳ ಉಳಿಯಲಿಲ್ಲ. ಬಾಡಿಗೆಯ ಒಂದೇ ಕೋಣೆಯಲ್ಲಿ ಅಕ್ಕಿ ಮೂಟೆ, ತೂಕದ ಯಂತ್ರ, ಒಲೆ, ಮಕ್ಕಳು ಎಲ್ಲ ಒಟ್ಟಿಗಿರುವುದನ್ನು ಪುಣೆಯಲ್ಲೂ ಬೆಂಗಳೂರಿನಲ್ಲೂ ಕಾಣಬಹುದು. ಭಿಡೆ ವಾಡಾವನ್ನು 2023ರ ಡಿಸೆಂಬರಿನಲ್ಲಿ ಕೆಡವಿದರು, ಅಲ್ಲಿ ರಾಷ್ಟ್ರೀಯ ಸ್ಮಾರಕ ಕಟ್ಟಬೇಕೆಂದು. ಅದರ ನೆಲಮಹಡಿಯಲ್ಲಿ ಬುಧವಾರ ಪೇಠೆಯ ಮಕ್ಕಳಿಗೆ ಒಂದು ಬಾಲವಾಡಿ ನಡೆಯಲಿ. ನಡುವೆ ಚೌಕವಿರಲಿ, ಸುತ್ತ ಓಸರಿಯಿರಲಿ, ಮೂಲೆಯಲ್ಲಿ ಸುತ್ತಿಟ್ಟ ಚಾಪೆಗಳಿರಲಿ.