ಕಪ್ ನಮ್ದೇ ಅಂತ ನಂಬಬಹುದು, ಕೊರೊನಾ ಬರಲ್ಲ ಅಂತ ನಂಬಬಹುದಾ?

2021ರ ಏಪ್ರಿಲ್ 22ರ ರಾತ್ರಿ ಮುಂಬೈನ ವಾಂಖೆಡೆ ಮೈದಾನದಲ್ಲಿ ಆರ್‌ಸಿಬಿ ಒಂದೂ ವಿಕೆಟ್ ಕಳೆದುಕೊಳ್ಳದೆ ರಾಜಸ್ಥಾನ್ ರಾಯಲ್ಸ್ ತಂಡವನ್ನು ಸೋಲಿಸಿತು. ದೇವದತ್ತ ಪಡಿಕ್ಕಲ್ ಔಟಾಗದೆ 101, ವಿರಾಟ್ ಕೊಹ್ಲಿ ಔಟಾಗದೆ 72. ಆಡಿದ ನಾಲ್ಕು ಮ್ಯಾಚಲ್ಲಿ ನಾಲ್ಕೂ ಗೆಲುವು. 2008ರಲ್ಲಿ ಐಪಿಎಲ್ ಶುರುವಾದ ಮೇಲೆ ಆರ್‌ಸಿಬಿಗೆ ಇಂಥ ಆರಂಭ ಸಿಕ್ಕಿದ್ದು ಅದೇ ಮೊದಲು. ಬೆಂಗಳೂರಿನ ಮತ್ತಿಕೆರೆಯ ಬಾಡಿಗೆ ರೂಮುಗಳಿಂದ ಹಿಡಿದು ನಮ್ಮ ನಿಮ್ಮ ಊರಿನ ಅರಳಿಕಟ್ಟೆವರೆಗೂ ಒಂದೇ ಮಾತು: ಈ ಸಲ ಕಪ್ ನಮ್ದೇ.

ಅದೇ ದಿನಗಳಲ್ಲಿ ಯಲಹಂಕದ ಹತ್ತಿರದ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲಾಗಿ ನಿಂತಿದ್ದವು.

ಈ ಎರಡೂ ಒಂದೇ ನಗರದ, ಒಂದೇ ವಾರದ ಸುದ್ದಿ. ಎರಡನ್ನೂ ಜನ ಒಂದೇ ಮೊಬೈಲಿನಲ್ಲಿ ನೋಡಿದರು. ಆಗ ಕ್ರಿಕೆಟ್ ಅಭಿಮಾನಿಗಳ ನಡುವೆ ಎದ್ದ ಜಗಳಗಳನ್ನು ಇವತ್ತು ತಿರುಗಿ ನೋಡೋಣ ಅಂತ ಈ ಬರಹ. ಯಾಕೆಂದರೆ ಅದು ಬರೀ ಕ್ರಿಕೆಟ್ ಜಗಳ ಆಗಿರಲಿಲ್ಲ. ಕಣ್ಣಾರೆ ಕಂಡದ್ದು ಯಾವುದು, ಮನಸ್ಸಾರೆ ನಂಬಿದ್ದು ಯಾವುದು ಅನ್ನೋ ಜಗಳ ಅದು.

ಮತ್ತಿಕೆರೆಯ ಕಟ್ಟೆ ಮಾತು

ಮತ್ತಿಕೆರೆ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಜಾಗ ಈಗ ಬೆಂಗಳೂರಿನ ಉತ್ತರದ ಒಂದು ಬಡಾವಣೆ. ಒಂದು ಕಡೆ ಯಶವಂತಪುರ, ಇನ್ನೊಂದು ಕಡೆ ರಾಮಯ್ಯ ಕಾಲೇಜು ಮತ್ತು ಆಸ್ಪತ್ರೆ, ಸ್ವಲ್ಪ ದೂರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. ಯಶವಂತಪುರದಲ್ಲಿ ರೈಲು ಇಳಿದ ಹಳ್ಳಿ ಹುಡುಗರು ಓದಲು, ಡ್ರೈವರ್ ಕೆಲಸಕ್ಕೆ, ಅಂಗಡಿ ಕೆಲಸಕ್ಕೆ ಅಂತ ರೂಮು ಹುಡುಕುವ ಜಾಗಗಳಲ್ಲಿ ಇದೂ ಒಂದು. ಹಾಗಾಗಿ ಇಲ್ಲಿನ ಟೀ ಅಂಗಡಿ ಮಾತು ವಾರದೊಳಗೆ ಹಳ್ಳಿಗೂ ತಲುಪುತ್ತದೆ, ಹಳ್ಳಿ ಮಾತು ಇಲ್ಲಿಗೂ ಬರುತ್ತದೆ.

ಆ ಏಪ್ರಿಲ್‌ನಲ್ಲಿ ನಾವು ಕೇಳಿದ ವಾದಗಳು ಹೀಗಿದ್ದವು. "ಗುರು, ಪಡಿಕ್ಕಲ್‌ಗೂ ಕೊರೊನಾ ಬಂದಿತ್ತು. ತಿಂಗಳೊಳಗೆ ಸೆಂಚುರಿ ಹೊಡೆದ. ಇದೇನು ದೊಡ್ಡ ಕಾಯಿಲೆನಾ?" ಇದರಲ್ಲಿ ಮೊದಲ ಎರಡು ವಾಕ್ಯ ನಿಜ. ಮಾರ್ಚ್ 22ಕ್ಕೆ ಪಡಿಕ್ಕಲ್‌ಗೆ ಪಾಸಿಟಿವ್ ಬಂದಿತ್ತು, ಮೊದಲ ಪಂದ್ಯ ಆಡಲಿಲ್ಲ, ಏಪ್ರಿಲ್ 22ಕ್ಕೆ ಶತಕ ಹೊಡೆದರು. ಮೂರನೆಯ ವಾಕ್ಯ ಮಾತ್ರ ನಂಬಿಕೆ. ಇಪ್ಪತ್ತರ ಹರೆಯದ, ದಿನವೂ ಕಸರತ್ತು ಮಾಡುವ, ಜೊತೆಗೆ ಡಾಕ್ಟರ್ ಇರುವ ಒಬ್ಬ ಆಟಗಾರನ ಕಥೆಯನ್ನು ಅರವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ನಮ್ಮ ಅಪ್ಪ ಅವ್ವನ ಮೇಲೆ ಹೊದಿಸಿದಂತೆ ಆಯಿತು ಅದು. ಸುಳ್ಳು ಬರೀ ಸುಳ್ಳಾಗಿ ಬಂದರೆ ಹಿಡಿಯಬಹುದು. ಎರಡು ನಿಜದ ಬೆನ್ನಿಗೆ ಕಟ್ಟಿಕೊಂಡು ಬಂದರೆ ಹಿಡಿಯುವುದು ಕಷ್ಟ.

ಇನ್ನೊಂದು ವಾದ ಐಪಿಎಲ್ ನಡೆಯಬೇಕೋ ಬೇಡವೋ ಎನ್ನುವುದು. "ಮ್ಯಾಚ್ ಇದ್ರೆ ಜನ ಸಂಜೆ ಮನೇಲಿ ಕೂರ್ತಾರೆ, ಮನಸ್ಸಿಗೂ ನೆಮ್ಮದಿ" ಅಂತ ಒಂದು ಕಡೆ. "ಹೊರಗೆ ಜನ ಬೆಡ್ ಇಲ್ಲದೆ ಸಾಯ್ತಿದ್ದಾರೆ, ಇವರಿಗೆ ಎರಡು ದಿನಕ್ಕೊಮ್ಮೆ ಟೆಸ್ಟು" ಅಂತ ಇನ್ನೊಂದು ಕಡೆ. ಏಪ್ರಿಲ್ 25ರಂದು ನ್ಯೂ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಐಪಿಎಲ್ ಸುದ್ದಿಯನ್ನೇ ಸದ್ಯಕ್ಕೆ ಹಾಕುವುದಿಲ್ಲ ಎಂದು ತೀರ್ಮಾನಿಸಿತು. ಮರುದಿನ ಆರ್‌ಸಿಬಿಯ ಆಡಂ ಜಂಪಾ, ಕೇನ್ ರಿಚರ್ಡ್‌ಸನ್ ಆಸ್ಟ್ರೇಲಿಯಾಕ್ಕೆ ವಾಪಸ್ ಹೋಗುವ ಸುದ್ದಿ ಬಂತು. ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕದಲ್ಲಿ 14 ದಿನಗಳ ಕರ್ಫ್ಯೂ. ತುಮಕೂರು ರಸ್ತೆಯಲ್ಲಿ ಊರಿಗೆ ಹೊರಟವರ ಗಾಡಿಗಳ ಸಾಲು. ಅದರಲ್ಲಿ ನಮ್ಮಂಥವರ ಜೊತೆ ವೈರಸ್ಸೂ ಊರಿಗೆ ಬಂತು, ಗಾಳಿಸುದ್ದಿಯೂ ಬಂತು.

ಮೂರನೆಯ ನಂಬಿಕೆ 'ಬಬಲ್' ಬಗ್ಗೆ. ಹೊರಗಿನವರು ಯಾರೂ ಒಳಗೆ ಬಾರದಂತೆ ಆಟಗಾರರನ್ನು ಹೋಟೆಲಿನಲ್ಲೇ ಇಟ್ಟಿದ್ದ ವ್ಯವಸ್ಥೆ ಅದು. ಅದರೊಳಗೆ ಕೊರೊನಾ ಹೋಗೋಕೆ ಸಾಧ್ಯವೇ ಇಲ್ಲ ಅಂತ ನಂಬಿದ್ದವರು ಬಹಳ. ಮೇ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಜೊತೆ ಆಡಬೇಕಿದ್ದ ಕೋಲ್ಕತ್ತ ತಂಡದ ವರುಣ್ ಚಕ್ರವರ್ತಿ ಮತ್ತು ಸಂದೀಪ್ ವಾರಿಯರ್‌ಗೆ ಪಾಸಿಟಿವ್ ಬಂತು, ಪಂದ್ಯ ಮುಂದಕ್ಕೆ ಹೋಯಿತು. ಮೇ 4ಕ್ಕೆ ಇಡೀ ಐಪಿಎಲ್ ನಿಂತಿತು. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ ಪತ್ತೆಯಾದ ಪ್ರಕರಣ 50 ಸಾವಿರ ದಾಟಿತು.

ತಡವಾಗಿ ಬರುವ ಸ್ಕೋರು

ಅಭಿಮಾನಿಗೆ ನಂಬಿಕೆ ತಪ್ಪಲ್ಲ, ಅದೇ ಅವನ ಬಂಡವಾಳ. 12 ಬಾಲಿಗೆ 40 ರನ್ ಬೇಕಿದ್ದರೂ ಗೆಲ್ತೀವಿ ಅನ್ನಬೇಕು. ಗೆದ್ದ ದಿನ ಹಾಕಿದ್ದ ಟೀಶರ್ಟನ್ನೇ ಮತ್ತೆ ಹಾಕಬೇಕು, ಕೂತ ಜಾಗದಿಂದ ಏಳಬಾರದು. ಇದರಿಂದ ಯಾರಿಗೂ ನಷ್ಟವಿಲ್ಲ. ಯಾಕೆಂದರೆ ರಾತ್ರಿ ಹನ್ನೊಂದೂವರೆಗೆ ಸ್ಕೋರ್‌ಬೋರ್ಡ್ ಉತ್ತರ ಕೊಟ್ಟುಬಿಡುತ್ತದೆ. ಎದುರಾಳಿ ತಂಡದವನೂ ಅದನ್ನು ಒಪ್ಪುತ್ತಾನೆ.

ರೋಗದ ಆಟದಲ್ಲಿ ಸ್ಕೋರು ಆ ರಾತ್ರಿ ಸಿಗುವುದಿಲ್ಲ. ಕೊರೊನಾ ತಗುಲಿದ ಮೇಲೆ ಲಕ್ಷಣ ಕಾಣಿಸಲು 14 ದಿನದವರೆಗೂ ಬೇಕಾಗಬಹುದಿತ್ತು. ಆಸ್ಪತ್ರೆ ಸೇರುವುದು, ಸಾವು, ಇವೆಲ್ಲ ಅದಕ್ಕೂ ಆಮೇಲೆ. ಇವತ್ತು ಜಾತ್ರೆಗೆ, ಮದುವೆಗೆ, ಟೂರ್ನಮೆಂಟಿಗೆ ಹೋದವನು ನಾಳೆ ಗಟ್ಟಿಮುಟ್ಟಾಗಿ ಓಡಾಡುತ್ತಾನೆ. "ನೋಡು, ಏನೂ ಆಗಿಲ್ಲ" ಅನ್ನುತ್ತಾನೆ. ನಮ್ಮ ಪ್ರಕಾರ ಅಭಿಮಾನಿಗಳ ಎಲ್ಲ ಜಗಳ ಹುಟ್ಟಿದ್ದು ಈ ಎರಡು ವಾರದ ಸಂದಿಯಲ್ಲಿ. ಆಟದಲ್ಲಿ ಚೆನ್ನಾಗಿ ನಡೆಯುವ ನಂಬಿಕೆಯನ್ನು ಸ್ಕೋರು ತಡವಾಗಿ ಬರುವ ಜಾಗಕ್ಕೆ ತಂದು ಇಟ್ಟೆವು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 2020ರ ಫೆಬ್ರವರಿ 19ರಂದು ಇಟಲಿಯ ಮಿಲಾನಿನಲ್ಲಿ ಅಟಲಾಂಟಾ ಮತ್ತು ವೆಲೆನ್ಸಿಯಾ ತಂಡಗಳ ಫುಟ್‌ಬಾಲ್ ಪಂದ್ಯ ನಡೆಯಿತು. ಬೆರ್ಗಾಮೊ ಊರಿನ ತಂಡವನ್ನು ನೋಡಲು ಸುಮಾರು 40 ಸಾವಿರ ಜನ ಬಂದರು. ಗೆದ್ದು, ತಬ್ಬಿಕೊಂಡು, ಬಸ್ಸಿನಲ್ಲಿ ಹಾಡುತ್ತ ಊರಿಗೆ ಹೋದರು. ಆ ದಿನಕ್ಕೆ ಇಟಲಿಯ ಒಳಗೇ ಹರಡಿದ ಒಂದು ಪ್ರಕರಣವೂ ಪತ್ತೆಯಾಗಿರಲಿಲ್ಲ. ಅದು ಪತ್ತೆಯಾಗಿದ್ದು ಒಂದೆರಡು ದಿನ ಕಳೆದ ಮೇಲೆ. ಮುಂದಿನ ತಿಂಗಳು ಬೆರ್ಗಾಮೊದಿಂದ ಶವಗಳನ್ನು ಮಿಲಿಟರಿ ಲಾರಿಗಳಲ್ಲಿ ಸಾಗಿಸಬೇಕಾಯಿತು. ಅಷ್ಟೂ ಸಾವಿಗೆ ಆ ಪಂದ್ಯ ಒಂದೇ ಕಾರಣ ಅನ್ನಲಾಗದು. ಆದರೆ ಅಲ್ಲಿಗೆ ಹೋದವರನ್ನು ದೂರುವಂತೆಯೂ ಇಲ್ಲ, ಅವರಿಗೆ ಗೊತ್ತಿರಲಿಲ್ಲ.

ಮಾರ್ಚ್ 11ರ ಕಥೆ ಬೇರೆ. ಅಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಮಹಾಮಾರಿ ಎಂದು ಘೋಷಿಸಿತು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಶಾಲೆಗಳು ಮುಚ್ಚಿದ್ದವು. ಅದೇ ಊರಿನ ಸುಮಾರು 3 ಸಾವಿರ ಅಭಿಮಾನಿಗಳು ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಗಿ 50 ಸಾವಿರಕ್ಕೂ ಹೆಚ್ಚು ಜನರ ನಡುವೆ ಕೂತು ಪಂದ್ಯ ನೋಡಿದರು. ಗೊತ್ತಿಲ್ಲದೆ ಹೋಗುವುದು ಒಂದು, ಗೊತ್ತಿದ್ದೂ ಬಿಡುವುದು ಇನ್ನೊಂದು.

ನಮ್ಮ ಕಲಬುರಗಿಯಲ್ಲೂ ಅದೇ ಹೊತ್ತಿಗೆ ಸ್ಕೋರು ತಡವಾಗಿಯೇ ಬಂತು. ಅಲ್ಲಿನ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಅದು ಕೊರೊನಾ ಎಂದು ಖಚಿತವಾಗಿದ್ದು ಮಾರ್ಚ್ 12ಕ್ಕೆ. ದೇಶದ ಮೊದಲ ಕೊರೊನಾ ಸಾವು ಅದು. ಮಾರ್ಚ್ 13ಕ್ಕೆ ಐಪಿಎಲ್ ಮುಂದಕ್ಕೆ ಹೋಯಿತು, ರಾಜ್ಯದಲ್ಲಿ ಮಾಲು, ಸಿನಿಮಾ ಮಂದಿರಗಳನ್ನು ಮುಚ್ಚುವ ಆದೇಶವೂ ಬಂತು.

ಇಲಿ ಬಿದ್ದರೆ ಮನೆ ಬಿಡು

ಹಾಗಾದರೆ ನಂಬಿಕೆ ಎಲ್ಲ ತಪ್ಪು, ಪಟ್ಟಣದವರು ಹೇಳಿದ್ದೆಲ್ಲ ಸರಿಯಾ? ಹಾಗೂ ಅಲ್ಲ. ಮತ್ತಿಕೆರೆಯ ಪಕ್ಕದ ಮಲ್ಲೇಶ್ವರ ಮತ್ತು ಆ ಕಡೆಯ ಬಸವನಗುಡಿ ಬಡಾವಣೆಗಳು ಬೆಳೆದಿದ್ದರ ಹಿಂದೆ ಒಂದು ಮಹಾಮಾರಿ ಇದೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಬಂದಿದ್ದು ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ. ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಹೋಗಬೇಕಾಯಿತು. ಪ್ಲೇಗಮ್ಮನ ಗುಡಿಗಳು ಬೆಂಗಳೂರಿನಲ್ಲಿ ಈಗಲೂ ಇವೆ.

ಆಗ ಅಧಿಕಾರಿಗಳು ಮನೆ ತೊಳೆಸಿದರು, ಸಾಮಾನು ಸುಟ್ಟರು, ಜನರನ್ನು ಕ್ಯಾಂಪಿಗೆ ಸಾಗಿಸಿದರು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಕಂಡುಕೊಂಡಿದ್ದೂ ಅದೇ 1898ರಲ್ಲಿ. ದೊಡ್ಡವರು ಅದನ್ನು ಒಪ್ಪಲು ಹಲವು ವರ್ಷ ಬೇಕಾಯಿತು. ಆದರೆ ಹಳ್ಳಿಯ ಜನ ಇಲಿ ಬಿದ್ದ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದನ್ನು ಮೂಢನಂಬಿಕೆ ಅನ್ನಬಹುದಿತ್ತು. ಅದರೊಳಗೆ ಇದ್ದದ್ದು ಕಣ್ಣಾರೆ ಕಂಡ ಸತ್ಯ. ಯಾರು ಹೇಳಿದರು ಅನ್ನುವುದಕ್ಕಿಂತ ಏನನ್ನು ನೋಡಿ ಹೇಳಿದರು ಅನ್ನುವುದು ಮುಖ್ಯ.

ಕೊರೊನಾ ಕಾಲದಲ್ಲೂ ತಜ್ಞರ ಮಾತು ಬದಲಾಯಿತು. ಆರೋಗ್ಯವಂತರಿಗೆ ಮಾಸ್ಕ್ ಬೇಕಿಲ್ಲ ಎಂದಿದ್ದ ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಜನ ಸೇರುವಲ್ಲಿ ಹಾಕಿಕೊಳ್ಳಿ ಎಂದಿತು. "ದಿನಕ್ಕೊಂದು ಹೇಳ್ತಾರೆ" ಎಂದು ರೇಗಿದವರ ಸಿಟ್ಟು ಅರ್ಥವಾಗುತ್ತದೆ. ಆದರೆ ಕ್ರಿಕೆಟ್ ನೋಡುವವರಿಗೆ ಇದು ಹೊಸದಲ್ಲ. ಅಂಪೈರ್ ಔಟ್ ಕೊಡುತ್ತಾರೆ, ರಿವ್ಯೂ ಕೇಳುತ್ತೇವೆ, ಬ್ಯಾಟಿಗೆ ತಾಗಿದ್ದು ಕಂಡರೆ ತೀರ್ಪು ಬದಲಾಗುತ್ತದೆ. ತೀರ್ಪು ಬದಲಿಸಿದ್ದಕ್ಕೆ ಅಂಪೈರ್ ಸುಳ್ಳುಗಾರ ಆಗುವುದಿಲ್ಲ. ಆಟವೂ ಹೀಗೆಯೇ ತನ್ನ ಅಭ್ಯಾಸ ಬದಲಿಸಿತು. ಚೆಂಡಿಗೆ ಉಗುಳು ಹಚ್ಚಿ ಉಜ್ಜುವುದನ್ನು ಐಸಿಸಿ 2020ರ ಜೂನ್‌ನಲ್ಲಿ ನಿಷೇಧಿಸಿತು. ಜುಲೈನ ಮ್ಯಾಂಚೆಸ್ಟರ್ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಡಾಮ್ ಸಿಬ್ಲಿ ಮರೆತು ಉಗುಳು ಹಚ್ಚಿದಾಗ ಅಂಪೈರ್‌ಗಳು ಚೆಂಡನ್ನು ಒರೆಸಿ ಆಟ ಮುಂದುವರಿಸಿದರು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಜನ ಗಾಳಿಸುದ್ದಿ ನಂಬಲು ಬರೀ ದಡ್ಡತನ ಕಾರಣವಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಾಯಿತು, ಒಂದೇ ದಿನದೊಳಗೆ 24 ರೋಗಿಗಳು ತೀರಿಕೊಂಡರು. ಆಕ್ಸಿಜನ್ ಇಲ್ಲದೆ ಸತ್ತವರು 3 ಜನ ಮಾತ್ರ ಎಂದು ಸರ್ಕಾರದ ಕಡೆಯಿಂದ ಮೊದಲು ಹೇಳಿಕೆ ಬಂತು. ಹೈಕೋರ್ಟ್ ನೇಮಿಸಿದ ಸಮಿತಿ ಹಾಗೆ ಹೇಳಲಿಲ್ಲ. ಸ್ಕೋರ್ ಬರೆಯುವವನೇ ರನ್ ಮುಚ್ಚಿಟ್ಟರೆ ಪ್ರೇಕ್ಷಕ ಯಾವ ಬೋರ್ಡನ್ನು ನಂಬಬೇಕು?

ಕಡೂರಿನ ಮನೆ

2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ಮಹಿಳಾ ಟಿ20 ವಿಶ್ವಕಪ್ ಫೈನಲ್ ನೋಡಲು 86,174 ಜನ ಸೇರಿದ್ದರು. ಭಾರತ ತಂಡದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಆಡಿದರು. ಮರುವರ್ಷ ಏಪ್ರಿಲ್‌ನಲ್ಲಿ ವೇದಾ ಅವರ ತಾಯಿ ಕೊರೊನಾದಿಂದ ತೀರಿಕೊಂಡರು. ಎರಡು ವಾರದೊಳಗೆ ಅಕ್ಕ ಕೂಡ ಹೋದರು. ದೇಶಕ್ಕೆ ಆಡಿದ ಮನೆಗೂ ರೋಗ ರಿಯಾಯಿತಿ ಕೊಡಲಿಲ್ಲ. 'ನಮ್ಮ ಹಳ್ಳಿ ಗಾಳಿ ಚೆನ್ನಾಗಿದೆ, ನಮಗೆ ಬರಲ್ಲ' ಅನ್ನುತ್ತಿದ್ದ ಊರುಗಳಿಗೂ ಆ ಮೇ ತಿಂಗಳಲ್ಲೇ ಉತ್ತರ ಸಿಕ್ಕಿತು.

ನಿಂತ ಐಪಿಎಲ್ ಸೆಪ್ಟೆಂಬರಿನಲ್ಲಿ ಯುಎಇಯಲ್ಲಿ ಮತ್ತೆ ಶುರುವಾಯಿತು. ಆರ್‌ಸಿಬಿ ಎಲಿಮಿನೇಟರ್‌ನಲ್ಲಿ ಸೋತಿತು. ಕಪ್ ಬಂದಿದ್ದು 2025ರ ಜೂನ್ 3ಕ್ಕೆ, 18ನೇ ಸೀಸನ್‌ನಲ್ಲಿ. ಮರುದಿನ ಚಿನ್ನಸ್ವಾಮಿ ಮೈದಾನದ ಹೊರಗೆ ನೂಕುನುಗ್ಗಲಲ್ಲಿ 11 ಜನ ಸತ್ತರು. ಕಪ್ಪಿಗಾಗಿ 17 ಸಲ ಸೋತು ಕಾಯಬಹುದು, ಮುಂದಿನ ಸಲ ಅನ್ನೋದು ಯಾವಾಗಲೂ ಇರುತ್ತದೆ. ಹೋದ ಜೀವಕ್ಕೆ ಮುಂದಿನ ಸೀಸನ್ ಇಲ್ಲ.

ಕೊರೊನಾ ಹೋಯಿತು ಅಂತ ಈ ಜಗಳ ಮುಗಿಯಲಿಲ್ಲ. ಡೆಂಗಿ, ಮಂಗನ ಕಾಯಿಲೆ, ಮಕ್ಕಳ ಲಸಿಕೆ, ಏನೇ ಬಂದರೂ ಮೊಬೈಲಿಗೆ ಮೊದಲು ಫಾರ್ವರ್ಡ್ ಬರುತ್ತದೆ, ಆಮೇಲೆ ಆಶಾ ಕಾರ್ಯಕರ್ತೆ ಬರುತ್ತಾರೆ. ಆಗ ಫಾರ್ವರ್ಡ್ ಕಳಿಸಿದ ಅಣ್ಣನ ಜೊತೆ ಜಗಳಕ್ಕೆ ಇಳಿಯಬೇಕಿಲ್ಲ. ಎರಡು ಪ್ರಶ್ನೆ ಕೇಳಿದರೆ ಸಾಕು. ಅಣ್ಣ, ಇದು ನಿಜವೋ ಸುಳ್ಳೋ ಅಂತ ಎಷ್ಟು ದಿನಕ್ಕೆ ಗೊತ್ತಾಗುತ್ತೆ? ಸುಳ್ಳಾದರೆ ಅದರ ಬೆಲೆ ನೀನು ಕಟ್ತೀಯೋ, ಮನೇಲಿರೋ ಅವ್ವ ಕಟ್ತಾಳೋ?