ಪದಾಂತ್ಯದ ಉಕಾರ: ಕೊಡಿಯಾಲ್‌ಬೈಲಿನ ಇಂಗ್ಲಿಷ್ ಉಚ್ಚಾರಣೆಯ ಚಾರಿತ್ರಿಕ ಹಿನ್ನೆಲೆ

ಅರಬ್ಬಿ ಭಾಷಿಕರ ಇಂಗ್ಲಿಷ್ ಉಚ್ಚಾರಣೆಯ ಚರ್ಚೆ ಬಹುಮಟ್ಟಿಗೆ ಪಕಾರ-ಬಕಾರಗಳಲ್ಲಿಯೇ ನಿಂತುಬಿಡುತ್ತದೆ. ಅರಬ್ಬಿಯಲ್ಲಿ ಪಕಾರವಿಲ್ಲ, ಆದುದರಿಂದ ‘ಪಾರ್ಕ್’ ಎಂಬುದು ‘ಬಾರ್ಕ್’ ಆಗುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯನ್ನು ಎಲೆನ್ ಬ್ರೊಸೆಲೊ 1983ರಲ್ಲಿ ಎತ್ತಿ ತೋರಿಸಿದರು. ‘ಫ್ಲೋರ್’ ಪದವನ್ನು ಈಜಿಪ್ಟಿನವರು ‘ಫಿಲೋರ್’ ಎಂದೂ ಇರಾಕಿನವರು ‘ಇಫ್ಲೋರ್’ ಎಂದೂ ನುಡಿಯುತ್ತಾರೆ. ಭಾಷೆಯ ಹೆಸರು ಒಂದೇ ಆದರೂ ಸ್ವರವು ಸೇರುವ ಸ್ಥಾನವನ್ನು ನಿರ್ಧರಿಸುವುದು ಉಪಭಾಷೆ.

ಮಂಗಳೂರಿನ ಕೊಡಿಯಾಲ್‌ಬೈಲ್ ಪರಿಸರವು ಇಂತಹ ಪರಿಶೀಲನೆಗೆ ತಕ್ಕ ನೆಲ. ಜೆಸ್ವಿಟರ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ, ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು 1891ರಲ್ಲಿ ಆರಂಭವಾದವು. ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ನೆರೆಹೊರೆಯಲ್ಲಿರುವ ಈ ಊರಿಗೆ ಇಂಗ್ಲಿಷು ಬಂದುದು ಒಂದೇ; ಅದನ್ನು ಬರಮಾಡಿಕೊಂಡ ಧ್ವನಿವ್ಯವಸ್ಥೆಗಳು ಹಲವು.

ಕನ್ನಡವನ್ನು ಮೊದಲು ನೋಡೋಣ. ಹಳಗನ್ನಡದ ‘ಕಲ್’, ‘ಪೆಣ್’ ಶಬ್ದಗಳು ಮುಂದೆ ‘ಕಲ್ಲು’, ‘ಹೆಣ್ಣು’ ಆದವು. ‘ಕಾಲ್’ ಮಾತ್ರ ದ್ವಿತ್ವವಿಲ್ಲದೆ ‘ಕಾಲು’ ಆಯಿತು. ಹ್ರಸ್ವದ ಮುಂದೆ ದ್ವಿತ್ವ, ದೀರ್ಘದ ಮುಂದೆ ಇಲ್ಲ, ಎರಡರಲ್ಲಿಯೂ ಕೊನೆಗೆ ಉಕಾರ. ‘ಬಸ್ಸು’, ‘ಪೆನ್ನು’, ‘ಕಾರು’, ‘ಬೋಟು’ಗಳು ನಡೆದದ್ದು ಇದೇ ದಾರಿಯಲ್ಲಿ. ಆದರೆ ‘ಪೆಣ್’ ‘ಹೆಣ್ಣು’ ಆದಂತೆ ‘ಪೆನ್’ ‘ಹೆನ್ನು’ ಆಗಲಿಲ್ಲ. ಪಕಾರವು ಹಕಾರವಾಗುವ ಪ್ರಕ್ರಿಯೆ ಇಂಗ್ಲಿಷು ಬರುವುದಕ್ಕೆ ಶತಮಾನಗಳ ಮೊದಲೇ ಮುಗಿದಿತ್ತು. ಉಕಾರ ಸೇರುವ ನಿಯಮ ಇನ್ನೂ ಜೀವಂತವಾಗಿತ್ತು. ಮಾತೃಭಾಷೆಯ ಇಡೀ ಚರಿತ್ರೆ ಪರಭಾಷೆಯ ಮೇಲೆ ಎರಗುವುದಿಲ್ಲ, ಅದರಲ್ಲಿ ಸದ್ಯ ಚಾಲ್ತಿಯಲ್ಲಿರುವ ಭಾಗವಷ್ಟೇ ಎರಗುತ್ತದೆ ಎಂಬ ನಮ್ಮ ವಾದಕ್ಕೆ ಈ ಒಂದು ಪೆನ್ನೇ ಸಾಕ್ಷಿ.

ತುಳುವಿನಲ್ಲಿ ಪದಾಂತ್ಯಕ್ಕೆ ಎರಡು ಸ್ವರಗಳುಂಟು: ಕನ್ನಡದಂತಹ ಉಕಾರ ಒಂದು, ತುಟಿಗಳು ದುಂಡಾಗದ ಉಕಾರ ಇನ್ನೊಂದು. ‘ಊರು’ ಎನ್ನುವಲ್ಲಿ ಮೊದಲನೆಯದು, ‘ನಾಡ್’ ಎನ್ನುವಲ್ಲಿ ಎರಡನೆಯದು. ಆದುದರಿಂದಲೇ ತುಳುವರ ‘ಬೂಕು’ ದುಂಡು ಸ್ವರದಲ್ಲಿ ಮುಗಿದರೆ ‘ಬಸ್ಸ್’ ಹಾಗೆ ಮುಗಿಯುವುದಿಲ್ಲ. (ತುಳುವಿನಲ್ಲಿ ಕಾಲಿಗೂ ಮೋಟಾರು ಕಾರಿಗೂ ‘ಕಾರ್’ ಎಂಬ ಒಂದೇ ರೂಪ; ಸಂದರ್ಭದಿಂದ ಅರ್ಥ ತಿಳಿಯುತ್ತದೆ.) ಕನ್ನಡ ಲಿಪಿ ಈ ಭೇದವನ್ನು ಹಿಡಿಯಲಾರದು, ಲಿಖಿತ ಸಾಮಗ್ರಿಯನ್ನೇ ನೆಚ್ಚಿದ ಸಂಶೋಧಕರಿಗೆ ಅದು ಕಾಣದಿರುವುದು ಸಹಜ.

ಕೊಂಕಣಿಯೂ ಏಕರೂಪವಲ್ಲ. ಕೈಯನ್ನು ಗೌಡ ಸಾರಸ್ವತರು ‘ಹಾತು’ ಎಂದರೆ ಕ್ರೈಸ್ತರು ‘ಹಾತ್’ ಎನ್ನುತ್ತಾರೆ. ವ್ಯಂಜನಾಂತ್ಯಕ್ಕೆ ಒಗ್ಗಿದ ನಾಲಗೆಗೆ ಇಂಗ್ಲಿಷಿನ ವ್ಯಂಜನಾಂತ್ಯ ಹೊಸತಲ್ಲ. ಇದನ್ನು ಶಾಲೆಯ ಶಿಸ್ತಿನ ಫಲವೆಂದಷ್ಟೇ ಭಾವಿಸುವುದು ಅವಸರದ ತೀರ್ಮಾನ.

ಉದ್ಯೋಗ ಸಂದರ್ಶನಗಳಲ್ಲಿ ‘ಮಾತೃಭಾಷಾ ಪ್ರಭಾವ’ ಎಂಬ ಹೆಸರಿನಲ್ಲಿ ಅಂಕ ಕಳೆಯುವ ರೂಢಿ ಇಂದಿಗೂ ಇದೆ. ಯಾವ ಮಾತೃಭಾಷೆ, ಅದರ ಯಾವ ನಿಯಮ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪ್ರಭಾವದ ದಿಕ್ಕೂ ಒಂದೇ ಅಲ್ಲ: ‘ಫಲ’ದ ಮಹಾಪ್ರಾಣವನ್ನು ‘ಕಾಫಿ’ಯ ಘರ್ಷ ಧ್ವನಿಯಾಗಿ ನುಡಿಯುವ ಕನ್ನಡಿಗರು ಈಗ ಎಲ್ಲೆಡೆ ಇದ್ದಾರೆ.